ಜೋಗಪ್ಪನನ್ನು ಸಾಕ್ಷಿಗೆ ಕರೆಯುವ ಮೊದಲು

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. ಇದೆಲ್ಲ ಪಶ್ಚಿಮದವರು ಈಗ ಕಂಡುಕೊಂಡದ್ದು, ನಮ್ಮ ಧರ್ಮ ಎಂದೋ ಒಪ್ಪಿಕೊಂಡಿದೆ, ಬೇಕಿದ್ದರೆ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಸೀರೆಯುಟ್ಟು ದೇವಿಯ ಸೇವೆಗೆ ನಿಂತ ಜೋಗಪ್ಪಂದಿರನ್ನು ನೋಡಿ ಎನ್ನುತ್ತಾರೆ. ಹೀಗೆ ವಾದಿಸುವವರಲ್ಲಿ ಸಂಪ್ರದಾಯವಾದಿಗಳಿದ್ದಾರೆ, ದೇವಿ ಆರಾಧನೆಯಲ್ಲಿ ಹೆಣ್ತನದ ಬಿಡುಗಡೆ ಕಾಣುವ ಪ್ರಗತಿಪರರೂ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಯಲ್ಲಮ್ಮ ಜೋಗಪ್ಪಂದಿರಿಗೆ ಜಾಗ ಕೊಟ್ಟದ್ದು ನಿಜ. ಆ ಜಾಗಕ್ಕೆ ಅವರು ತೆತ್ತ ಬೆಲೆಯನ್ನು ಮುಚ್ಚಿಟ್ಟು, ಅದನ್ನೇ ನಮ್ಮ ಉದಾರತೆ ಎಂದು ಬೀಗುವುದು ಅನ್ಯಾಯ.

ಮೊದಲು ಕಥೆಯನ್ನೇ ನೋಡಿ. ಯಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆ, ಜಮದಗ್ನಿ ಋಷಿಯ ಹೆಂಡತಿ, ದಿನಾ ಹಸಿ ಮರಳಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಸುತ್ತಿ ಗಂಡನ ಪೂಜೆಗೆ ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದ ಗಂಧರ್ವನನ್ನು ಕಂಡು ಅರೆಗಳಿಗೆ ಮನಸ್ಸು ಅತ್ತ ವಾಲಿತು, ಮರಳಿನ ಕೊಡ ನಿಲ್ಲಲಿಲ್ಲ. ಅಷ್ಟಕ್ಕೇ ಜಮದಗ್ನಿ ಅವಳ ತಲೆ ಕಡಿಯಲು ಮಕ್ಕಳಿಗೆ ಹೇಳಿದ. ಪರಶುರಾಮ ಕೊಡಲಿ ಎತ್ತಿದ. ಎತ್ತಲೊಲ್ಲದ ಅಣ್ಣಂದಿರಿಗೆ ಅಪ್ಪನ ಶಾಪ ತಟ್ಟಿತು. ಜನ ಹೇಳುವ ಕಥೆಯ ಒಂದು ಪಾಠದಲ್ಲಿ ಅವರು ಗಂಡಸುತನ ಕಳೆದುಕೊಂಡರು, ಜೋಗಪ್ಪಂದಿರ ಮೂಲ ಅಲ್ಲಿದೆ. ಹೆತ್ತವಳ ಮೇಲೆ ಕೈ ಮಾಡದ ಮಕ್ಕಳಿಗೆ ಸಿಕ್ಕ ಶಿಕ್ಷೆ ಹೆಣ್ತನ! ಕೊಲೆಯಾದವಳನ್ನೇ ತಾಯಿ ಎಂದು ಗುಡ್ಡದ ಮೇಲೆ ಕೂರಿಸಿ ಉಧೋ ಉಧೋ ಎಂದದ್ದು ಬಡವರ, ದಲಿತರ ದೊಡ್ಡತನ. ಅದಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಹೆಣ್ಣಿನ ಕ್ಷಣದ ಬಯಕೆಗೆ ತಲೆದಂಡ ಕೇಳುವ ಕಥೆಯನ್ನು ಲೈಂಗಿಕ ಸ್ವಾತಂತ್ರ್ಯದ ಸನದು ಎಂದು ಓದಲು ನನ್ನಿಂದಾಗದು.

ಇನ್ನು ಜೋಗಪ್ಪ ಆಗುವ ಬಗೆ. ಹುಡುಗ ಅಕ್ಕನ ಲಂಗ ಉಡುತ್ತಾನೆ, ರಂಗೋಲಿ ಹಾಕುತ್ತಾನೆ, ನಡಿಗೆ ಬೇರೆಯಾಗುತ್ತದೆ. ಮನೆಯವರು ಹೊಡೆಯುತ್ತಾರೆ, ಕೂಡಿಹಾಕುತ್ತಾರೆ. ಯಾವುದೂ ಫಲಿಸದಾಗ ಯಾರೋ ಹಿರಿಯರು "ಅಮ್ಮ ಕಾಡಾಕತ್ತಾಳ" ಎನ್ನುತ್ತಾರೆ. ಸವದತ್ತಿಗೋ ಹುಲಿಗೆಮ್ಮನ ಹುಲಿಗಿಗೋ ಕರೆದೊಯ್ದು, ದೇವಿಗೆ ಬಿಟ್ಟ ಗುರುತಾಗಿ ಮುತ್ತು ಕಟ್ಟಿಸುತ್ತಾರೆ. ಸೀರೆ, ಬಳೆ, ಹಣೆ ತುಂಬ ಭಂಡಾರ. ಅಲ್ಲಿಂದಾಚೆಗೆ ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿಯಾದ ಪಡ್ಡಲಗಿ ಹೊತ್ತು ಮನೆ ಮನೆಗೆ ಜೋಗದ ಭಿಕ್ಷೆಗೆ ಹೋಗುವುದು. ನಿನ್ನೆ ಬೈದವರೇ ಇವತ್ತು ಕಾಲಿಗೆ ಬೀಳುತ್ತಾರೆ. ಮನೆತನದ ಮರ್ಯಾದೆಯೇನೋ ಉಳಿಯಿತು. ಹುಡುಗನ ಶಾಲೆ? ಅದು ಅಲ್ಲಿಗೇ ಮುಗಿಯಿತು. ಅವನ ಮನಸ್ಸು ಯಾರಿಗೆ ಸೋಲುತ್ತದೆ ಎಂಬುದನ್ನಂತೂ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ, ದೇವಿಗೆ ಬಿಟ್ಟವರಿಗೆ ಅಂಥ ಆಸೆ ಇರಬಾರದು ಎಂಬುದೇ ಊರಿನ ತೀರ್ಮಾನ. ಉಡುಗೆಯನ್ನು ಒಪ್ಪಿ ಬಯಕೆಯನ್ನು ಹೂಳುವ ಈ ಒಪ್ಪಂದವನ್ನು ಸ್ವೀಕಾರ ಎನ್ನುವವರು ತಮ್ಮ ಮನೆಯ ಮಗುವಿಗೆ ಇದೇ ಬಾಳು ಬಯಸುತ್ತಾರೆಯೇ?

ಮಂಜಮ್ಮ ಜೋಗತಿಯವರ ಬದುಕು ಎಲ್ಲರಿಗೂ ಗೊತ್ತಿರುವಂಥದ್ದು. ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡವರು, ವಿಷ ಕುಡಿದು ಬದುಕಿದವರು, ಭಿಕ್ಷೆ ಬೇಡಿ ಹೊಟ್ಟೆ ಹೊರೆದವರು. ಅವರನ್ನು ಮೇಲೆತ್ತಿದ್ದು ಕಲೆ. ಕಾಳವ್ವ ಜೋಗತಿಯವರ ಹತ್ತಿರ ಕಲಿತ ಜೋಗತಿ ನೃತ್ಯ ಅವರನ್ನು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠಕ್ಕೆ, 2021ರಲ್ಲಿ ಪದ್ಮಶ್ರೀಗೆ ಒಯ್ದಿತು. ಆ ಪ್ರಶಸ್ತಿ ಪಡೆಯುವಾಗ ರಾಷ್ಟ್ರಪತಿಗೆ ಅವರು ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನೋಡಿ ದೇಶವೇ ಚಪ್ಪಾಳೆ ತಟ್ಟಿತು. ಅದೇ ಚಿತ್ರವನ್ನು ಈಗ 'ನಮ್ಮ ಪರಂಪರೆ'ಯ ಗೆಲುವಾಗಿ ತೋರಿಸುತ್ತಾರೆ. ಪರಂಪರೆ ಅವರ ಕೈಗೆ ಕೊಟ್ಟದ್ದು ಭಿಕ್ಷೆಯ ಬುಟ್ಟಿ. ಅಲ್ಲಿಂದ ದೆಹಲಿಯವರೆಗಿನ ದಾರಿಯನ್ನು ಅವರೇ ತುಳಿದು ಮಾಡಿಕೊಂಡರು.

ಜಾತ್ರೆಯಲ್ಲಿ ಪೂಜೆ, ಪೇಟೆಯಲ್ಲಿ ಲಾಠಿ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿತು, ನಪುಂಸಕರ ಹೆಸರು, ವಿಳಾಸದ ದಾಖಲೆ ಇಡುವ ಅಧಿಕಾರ ಪೊಲೀಸರಿಗೆ ಬಂತು. ಹೋರಾಟಗಾರರು ಹೈಕೋರ್ಟಿಗೆ ಹೋದ ಮೇಲಷ್ಟೇ ಆ ಪದ ಬದಲಾಯಿತು. ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಮಾನ್ಯ ಮಾಡಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು, 2021ರಲ್ಲಿ ಅವರಿಗೆ ರಾಜ್ಯ ಸರ್ಕಾರಿ ನೌಕರಿಯಲ್ಲಿ ಬಂದ ಶೇ 1ರ ಮೀಸಲಾತಿ, ಇವನ್ನೆಲ್ಲ ಕೊಟ್ಟದ್ದು ಸಂವಿಧಾನ.

ಯಲ್ಲಮ್ಮನಿಗೆ ಹೆಣ್ಣುಮಕ್ಕಳನ್ನೂ ಬಿಡುವ ದೇವದಾಸಿ ಪದ್ಧತಿಯನ್ನು ಹೊಸ ಕಣ್ಣಿಂದ ನೋಡುವ ವಿದ್ವಾಂಸರ ವಾದ ಈ ಪರಂಪರೆಯ ಹೆಮ್ಮೆಗಿಂತ ಗಟ್ಟಿಯಾದದ್ದು. ಮುತ್ತು ಕಟ್ಟಿಸಿಕೊಂಡ ಮಗಳು ತವರಿನಲ್ಲಿ ಮಗನಂತೆ ಉಳಿಯುತ್ತಾಳೆ, ಆಸ್ತಿಗೆ ಬಾಧ್ಯಳಾಗುತ್ತಾಳೆ, ತಂದೆ ತಾಯಿಯನ್ನು ಸಾಕುತ್ತಾಳೆ ಎಂಬುದನ್ನು ಲೂಸಿಂಡಾ ರಾಂಬರ್ಗ್ ತಮ್ಮ 2014ರ ಪುಸ್ತಕದಲ್ಲಿ ವಿವರಿಸುತ್ತಾರೆ. ಹೀಗೆ ದೇವಿಗೆ ಬಿಟ್ಟ ಜೋಗಮ್ಮಂದಿರನ್ನು ಬರೀ ಬಲಿಪಶುಗಳೆಂದು ಕಾಣುವ ಸುಧಾರಕರಿಗೆ ಇದು ಒಳ್ಳೆಯ ಪಾಠ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನನ್ನು ಕರ್ನಾಟಕ 1994ರಲ್ಲೇ ಮಾಡಿತು. ಬೇರೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ದಕ್ಕುವ ಪಾಲಿಗೆ ದಲಿತರ ಮಗಳು ಮಾತ್ರ ಮೈ ಒತ್ತೆ ಇಡಬೇಕೇಕೆ? ಸರ್ಕಾರದ 1993-94 ಮತ್ತು 2007-08ರ ಸಮೀಕ್ಷೆಗಳು ಗುರುತಿಸಿದ ದೇವದಾಸಿಯರು ಒಟ್ಟು 46,660 ಮಂದಿ, ಬಹುಪಾಲು ದಲಿತರು. ದೇವಿ ಯಾವ ಮೇಲ್ಜಾತಿಯ ಮನೆಯ ಹೆಣ್ಣುಮಗುವನ್ನೂ ಹೀಗೆ ಕಾಡಿದ್ದನ್ನು ನಾನು ಕೇಳಿಲ್ಲ.

ಕಾನೂನು ಮಾಡಿದವರ ಕಣ್ಣಿಗೂ ಜೋಗಪ್ಪ ಬೀಳಲಿಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಮಾತಾಡಿದ್ದು ಹೆಣ್ಣಿನ ಅರ್ಪಣೆಯ ಬಗ್ಗೆ. ಹನ್ನೆರಡು ವರ್ಷದ ಹುಡುಗನಿಗೆ ಮುತ್ತು ಕಟ್ಟಿದರೆ ಅದು ಆ ಕಾಯ್ದೆಯ ವ್ಯಾಪ್ತಿಗೆ ಬರಲಿಲ್ಲ, ಪುನರ್ವಸತಿಯ ಪಟ್ಟಿಯಲ್ಲಿ ಅವನಿಗೆ ಸಾಲೂ ಇರಲಿಲ್ಲ. ದೊಡ್ಡವರಾದ ಮೇಲೆ ತಾವೇ ಆರಿಸಿಕೊಂಡು ಕೊಡ ಹೊತ್ತು ಕುಣಿಯುವವರ ಭಕ್ತಿಗೆ ಯಾರೂ ಅಡ್ಡ ಬರಬಾರದು. ಮಕ್ಕಳ ಪ್ರಶ್ನೆಯೇ ಬೇರೆ. ಹೆಣ್ಣುಮಗುವಿನಂತೆ ಗಂಡುಮಗುವಿಗೂ ಮುತ್ತು ಕಟ್ಟುವುದು ಅಪರಾಧವಾಗಲೇಬೇಕು. ಹೆಣ್ಣಿಗನೆಂದು ಗೇಲಿಗೊಳಗಾಗುವ ಹುಡುಗನನ್ನು ಶಾಲೆಯಲ್ಲೇ ಉಳಿಸಿಕೊಳ್ಳುವ ಹೊಣೆ ಶಿಕ್ಷಣ ಇಲಾಖೆಯದು. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 2024ರಲ್ಲಿ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಆ ಹಣ ಎಲ್ಲಿ, ಹೇಗೆ ಖರ್ಚಾಗಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಜೋಗಪ್ಪ, ಜೋಗಮ್ಮಂದಿರಿಗೆ ಮತ ಹಾಕುವ ಹಕ್ಕಿನ ಸಮೇತ ಕುರ್ಚಿ ಕೊಡಿ.