ನೆರೆಮನೆಯ ತೊಟ್ಟಿಲು

ಕನ್ನಡದಲ್ಲಿ 'ನೆರೆ' ಎಂಬ ಪದ ಹಲವು ಅರ್ಥಗಳನ್ನು ಹೊತ್ತಿದೆ. ಜನ ಒಂದೆಡೆ ಕೂಡುವುದು ನೆರೆಯುವುದು. ಪಕ್ಕದ ಮನೆ ನೆರೆಮನೆ. ಮಳೆಗಾಲದಲ್ಲಿ ತುಂಗಭದ್ರೆ ದಡವನ್ನು ಮೀರಿ ಹೊನ್ನಾಳಿಯ ತಗ್ಗಿನ ಮನೆಗಳ ಬಾಗಿಲಿಗೆ ಬಂದರೆ ಅದೂ ನೆರೆಯೇ. ಈ ಅರ್ಥಗಳ ನಡುವಣ ಸಂಬಂಧವನ್ನು ನಿಘಂಟುಕಾರರು ನಿರ್ಣಯಿಸಲಿ. ಹೊಳೆಯ ನೆರೆ ಬಂದ ಇರುಳು ತಾಯಿಯು ತನ್ನ ಕೂಸನ್ನು ಮೊದಲು ಎತ್ತಿಕೊಡುವುದು ಎತ್ತರದಲ್ಲಿರುವ ನೆರೆಮನೆಯವರ ಕೈಗೆ. ಆ ಗಳಿಗೆಯಲ್ಲಿ ಅವರ ಕುಲಗೋತ್ರಗಳನ್ನು ಆಕೆ ವಿಚಾರಿಸುವುದಿಲ್ಲ.

ವಿಪತ್ತಿನ ಇರುಳಿನಲ್ಲಿ ಸಹಜವೆಂದು ತೋರುವ ಈ ನಡತೆ ಸಾಮಾನ್ಯ ದಿನಗಳಲ್ಲಿ ಸರಿಯೇ ಎಂಬ ಚರ್ಚೆ ಈಚೆಗೆ ವಿದ್ಯಾವಂತರ ಮನೆಗಳಲ್ಲಿ ಹೆಚ್ಚಾಗಿದೆ. ಗೆಳೆಯರನ್ನಾಗಲಿ ನೆರೆಯವರನ್ನಾಗಲಿ ನಂಬಿ ಮಕ್ಕಳನ್ನು ಬಿಟ್ಟು ಹೋಗುವ ಕಾಲ ಇದಲ್ಲ ಎಂಬುದು ಒಂದು ಪಕ್ಷ. ಊರಿನಲ್ಲಿ ಬಾಳಿದ ಮೇಲೆ ನಂಬದೆ ನಡೆಯದು ಎಂಬುದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಮರೆಯುವ ಸಂಗತಿಯೊಂದಿದೆ. ಈ ಸೀಮೆಯ ದುಡಿಯುವ ತಾಯಂದಿರಿಗೆ ನಂಬಬೇಕೋ ಬೇಡವೋ ಎಂದು ಕುಳಿತು ಆಲೋಚಿಸುವ ಬಿಡುವೇ ಇಲ್ಲ.

ಚನ್ನಗಿರಿ ಕಡೆ ಅಡಿಕೆಯ ಕೊಯ್ಲು ಮೊದಲಾಯಿತೆಂದರೆ ಊರಿನ ಹಗಲಿರುಳುಗಳ ಲೆಕ್ಕವೇ ಬದಲಾಗುತ್ತದೆ. ಹಗಲು ಗೊನೆ ಇಳಿಸುವ ಕೆಲಸ. ಇಳಿಸಿದ ಹಸಿ ಅಡಿಕೆಯನ್ನು ಹೆಚ್ಚು ಹೊತ್ತು ಇಡುವಂತಿಲ್ಲ. ಬೇಗ ಸುಲಿದು, ಬೇಯಿಸಿ, ಒಣಗಿಸಬೇಕು. ಆದುದರಿಂದ ಖೇಣಿ ಹಿಡಿದವರ ಅಂಗಳದಲ್ಲಿ ದೀಪ ಹೊತ್ತಿಸಿಕೊಂಡು ಹೆಂಗಸರು ಸಾಲಾಗಿ ಕುಳಿತು ಅಡಿಕೆ ಸುಲಿಯುವ ಪದ್ಧತಿ ಬೆಳೆಯಿತು. ಸುಲಿಯುವ ಯಂತ್ರಗಳು ಬಂದು ಆ ಸಾಲು ಚಿಕ್ಕದಾಗಿದೆ, ನಿಜ. ಆದರೂ ಯಂತ್ರ ಬಿಟ್ಟುದನ್ನು ಸುಲಿಯುವುದಕ್ಕೆ, ಆರಿಸುವುದಕ್ಕೆ, ಹರವುವುದಕ್ಕೆ ಹೆಂಗಸರ ಕೈ ಬೇಕೇ ಬೇಕು. ಹರಿತವಾದ ಕತ್ತಿ, ಕುದಿಯುವ ಹಂಡೆ, ಹೊಗೆ ಇವುಗಳ ನಡುವೆ ತೆವಳುವ ಕೂಸನ್ನು ಬಿಡುವುದು ಹೇಗೆ? ಹೊನ್ನಾಳಿ, ನ್ಯಾಮತಿಗಳ ನೀರಾವರಿ ಬಯಲಿನಲ್ಲಿ ಭತ್ತದ ನಾಟಿಯ ಕಾಲ ಬಂದರೆ ಹೆಂಗಸರ ಗುಂಪುಗಳು ಮಸುಕಿನಲ್ಲೇ ಎದ್ದು ಆಟೋ ಹತ್ತಿ ಬೇರೂರಿನ ಗದ್ದೆಗೆ ಹೋಗುತ್ತವೆ. ಬದುವಿನ ಮೇಲೆ ಮಗುವನ್ನು ಮಲಗಿಸಿದರೆ ಹಾವು ಹುಳುಗಳ ಭಯ. ಕಾಲುವೆ ಹತ್ತಿರವಿದ್ದರೆ ನೀರಿನ ಭಯ. ಜಗಳೂರಿನ ಸಂಕಟ ಮತ್ತೊಂದು ಬಗೆಯದು. ಮಳೆಯನ್ನೇ ನೆಚ್ಚಿದ ಆ ತಾಲ್ಲೂಕಿನಲ್ಲಿ ಮಳೆ ಕೈಕೊಟ್ಟ ವರ್ಷ ಸಂಸಾರಗಳು ಗುಳೆ ಹೊರಡುತ್ತವೆ, ಮಲೆನಾಡಿನ ಕಾಫಿ ತೋಟಗಳಿಗೆ ಅಥವಾ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಓದುವ ಮಕ್ಕಳನ್ನು ಕರೆದೊಯ್ದರೆ ಓದು ನಿಲ್ಲುತ್ತದೆ. ಬಿಟ್ಟು ಹೋದರೆ ಅಜ್ಜಿಯ ಬಳಿ, ಅಜ್ಜಿ ಇಲ್ಲದಿದ್ದರೆ ಓಣಿಯ ಯಾವುದೋ ಒಂದು ಮನೆಯಲ್ಲಿ. ಚನ್ನಗಿರಿಯ ತಾಯಿಗೆ ನಾಲ್ಕು ತಾಸಿನ ಪ್ರಶ್ನೆಯಾಗಿರುವುದು ಜಗಳೂರಿನ ತಾಯಿಗೆ ನಾಲ್ಕು ತಿಂಗಳಿನ ಪ್ರಶ್ನೆ.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಮುಂದೆ ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾಯಿತು. ಹೊಸ ಕಚೇರಿಗಳು ಎದ್ದವು. ತೊಟ್ಟಿಲನ್ನು ಯಾರ ಮನೆಯಲ್ಲಿ ಕಟ್ಟುವುದು ಎಂಬ ಚಿಂತೆ ಮಾತ್ರ ಇದ್ದಲ್ಲಿಯೇ ಇದೆ.

ಹೆತ್ತವರಲ್ಲದವರ ಮಡಿಲಲ್ಲಿ ಬೆಳೆಯುವುದು ಕುಂದೆಂದು ನಮ್ಮ ಕಾವ್ಯಗಳು ಭಾವಿಸಲಿಲ್ಲ. ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಬಾಲಕ ಬಸವಣ್ಣನನ್ನು ಸಲಹುವವಳು ಮುತ್ತವ್ವೆ. ಭಾರತದ ಕರ್ಣ ಸೂರ್ಯನ ಮಗನಾಗಿ, ಕುಂತಿಯ ಹೊಟ್ಟೆಯಲ್ಲಿ ಹುಟ್ಟಿದರೂ ಲೋಕ ಅವನನ್ನು ಕರೆದುದು ರಾಧೇಯನೆಂದು, ಸಾಕಿದವಳ ಹೆಸರಿನಿಂದ. ಹುಟ್ಟಿನ ಗುಟ್ಟು ತಿಳಿದ ಮೇಲೂ ಆತ ಆ ಹೆಸರನ್ನು ಬಿಡಲು ಒಪ್ಪಲಿಲ್ಲ. ಇನ್ನು ಕೃಷ್ಣನ ಕಥೆ ಎಲ್ಲರಿಗೂ ಗೊತ್ತಿರುವುದೇ. ಸೆರೆಮನೆಯಲ್ಲಿ ಹುಟ್ಟಿದ ಕೂಸನ್ನು ವಸುದೇವ ಇರುಳಿನಲ್ಲಿ ಯಮುನೆಯನ್ನು ದಾಟಿಸಿ ತನ್ನ ಗೆಳೆಯ ನಂದನ ಮನೆಯಲ್ಲಿ ಇರಿಸಿ ಬಂದ. ಈ ನಾಡಿನ ತಾಯಂದಿರು ಅತ್ಯಂತ ಮುದ್ದಿನಿಂದ ನೆನೆಯುವ ಮಗು ಬೆಳೆದುದು ಗೆಳೆಯನ ಮನೆಯಲ್ಲಿ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ನಂದಗೋಕುಲಕ್ಕೆ ಪೂತನಿ ಬಂದಳು. ಅವಳು ಬಂದುದು ಕೋರೆದಾಡೆಗಳ ರಕ್ಕಸಿಯಾಗಿ ಅಲ್ಲ. ಸುಂದರಿಯಾಗಿ, ಕೂಸನ್ನು ಕಂಡು ಎದೆ ಕರಗಿದವಳ ಹಾಗೆ ಬಂದಳು. ಬಾಗಿಲಲ್ಲಿ ಅವಳನ್ನು ತಡೆದವರಿಲ್ಲ. ಪುರಾಣಕಾರ ಕೃಷ್ಣನ ಮಹಿಮೆಯನ್ನು ಹೇಳಲು ಈ ಪ್ರಸಂಗವನ್ನು ತಂದಿರಬಹುದು. ಆದರೆ ಹಸುಗೂಸಿಗೆ ಕೇಡು ಬಗೆಯುವವರು ಅಪರಿಚಿತ ಮುಖ ಹೊತ್ತು ಬರುವುದಿಲ್ಲ ಎಂಬ ಲೋಕಾನುಭವವೂ ಅದರಲ್ಲಿ ಅಡಗಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಬಹುಪಾಲು ಅಪರಾಧಿಗಳು ಮಗುವಿಗೆ ಪರಿಚಿತರೇ ಆಗಿರುತ್ತಾರೆ ಎಂದು ಸರ್ಕಾರದ ಅಂಕಿಅಂಶಗಳು ವರ್ಷ ವರ್ಷವೂ ಹೇಳುತ್ತಿವೆ. ಬಂಧುಗಳು, ನೆರೆಯವರು, ಮನೆಗೆ ಬಂದು ಹೋಗುವ ಸ್ನೇಹಿತರು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಅಪರಿಚಿತರಿಂದ ದೂರವಿರು ಎಂದು ಮಗುವಿಗೆ ಕಲಿಸಿ ನಿಶ್ಚಿಂತರಾಗುವ ತಂದೆತಾಯಿಗಳು ಬಾಗಿಲಿಗೆ ಬೀಗ ಹಾಕಿ ಕಿಟಕಿಯನ್ನು ತೆರೆದಿಟ್ಟಂತೆ.

ಹಾಗಾದರೆ ಹಿಂದಿನವರು ಹೇಗೆ ನಂಬಿದರು? ಕಣ್ಣು ಮುಚ್ಚಿ ನಂಬಿದರು ಎಂದು ಹೇಳುವುದು ಅವರಿಗೆ ಮಾಡುವ ಅನ್ಯಾಯ. ಹಳೆಯ ಊರಿನ ರಚನೆಯನ್ನು ನೋಡಬೇಕು. ಮನೆಯ ಮುಂದೆ ಜಗಲಿ, ಜಗಲಿಯ ಮೇಲೆ ಕುಳಿತ ಮುದುಕ, ಎದುರುಮನೆಯ ಕಟ್ಟೆಯಲ್ಲಿ ಅಕ್ಕಿ ಆರಿಸುವ ಮುದುಕಿ, ಹಗಲೆಲ್ಲ ತೆರೆದ ಬಾಗಿಲು. ಒಂದು ಮನೆಯಲ್ಲಿ ಬಿಟ್ಟ ಕೂಸನ್ನು ಹತ್ತು ಮನೆಗಳು ನೋಡುತ್ತಿದ್ದವು. ಅಳು ಹೆಚ್ಚು ಹೊತ್ತು ಕೇಳಿದರೆ ಯಾರಾದರೂ ಬಂದು 'ಯಾಕವ್ವ, ಕೂಸು ಯಾಕೆ ಅಳ್ತದೆ' ಎಂದು ಕೇಳುವರು. ಕೇಳಿದುದಕ್ಕೆ ಯಾರೂ ಮುನಿಯುತ್ತಿರಲಿಲ್ಲ. ಕೂಸನ್ನು ಇರಿಸಿಕೊಂಡವಳ ಕೂಸು ನಾಳೆ ಬಿಟ್ಟವಳ ಮನೆಯಲ್ಲಿ ಇರುವುದು. ಕೊಡುಕೊಳ್ಳುವಿಕೆ ಎರಡೂ ಕಡೆಗಿತ್ತು. ನಂಬುಗೆಗೆ ಹೀಗೆ ಕಾವಲಿತ್ತು. ಆ ಕಾವಲನ್ನು ಯಾರೂ ಅವಮಾನವೆಂದು ಎಣಿಸಲಿಲ್ಲ. ಆ ಕಾಲವನ್ನು ಕೇವಲ ಹೊಗಳಿದರೂ ತಪ್ಪಾದೀತು. ಕಂಡ ಕೇಡನ್ನು ಮನೆತನದ ಮಾನಕ್ಕಾಗಿ ಮುಚ್ಚಿಟ್ಟು, ನೊಂದ ಮಗುವಿನ ಬಾಯನ್ನೇ ಕಟ್ಟಿದ ಹಿರಿಯರೂ ಇದ್ದರು. ಇಂದು ಜಗಲಿ ಹೋಗಿ ಕಾಂಪೌಂಡು ಬಂದಿದೆ, ಬಾಗಿಲು ಮುಚ್ಚಿದೆ, ಎದುರುಮನೆಯ ಮುದುಕಿ ದೂರದರ್ಶನದ ಮುಂದೆ ಕುಳಿತಿದ್ದಾಳೆ. ಬಿಟ್ಟು ಹೋಗುವ ಅಗತ್ಯ ಉಳಿದಿದೆ, ಕಾಯುವ ಕಣ್ಣುಗಳು ಉಳಿದಿಲ್ಲ.

ಈ ಕೊರತೆಯನ್ನು ಸಂಶಯದಿಂದ ತುಂಬಲು ಹೊರಟವರೂ ಇದ್ದಾರೆ. ಅವರಿಗೆ ಪಂಚತಂತ್ರದ ಮುಂಗುಸಿಯ ಕಥೆಯನ್ನು ನೆನಪಿಸಬೇಕು. ತೊಟ್ಟಿಲ ಬಳಿ ಬಂದ ಹಾವನ್ನು ಕೊಂದು, ರಕ್ತಸಿಕ್ತವಾದ ಬಾಯಿಂದ ಒಡತಿಯನ್ನು ಎದುರುಗೊಂಡ ಆ ಪ್ರಾಣಿಯನ್ನು ಆಕೆ ವಿಚಾರಿಸದೆ ಕೊಂದಳು. ಒಳಗೆ ಹೋಗಿ ನೋಡುವಷ್ಟು ತಾಳ್ಮೆ ಇದ್ದಿದ್ದರೆ ಸಾಕಿತ್ತು. ಮಗುವಿನ ಮೊಣಕಾಲಿನ ಒಂದು ತರಚುಗಾಯಕ್ಕೆ ವರ್ಷಗಟ್ಟಲೆ ನೋಡಿಕೊಂಡ ನೆರೆಯಾಕೆಯ ಮೇಲೆ ಹರಿಹಾಯ್ದು, ಎರಡು ಮನೆಗಳ ನಡುವೆ ಮಾತು ನಿಂತ ಪ್ರಸಂಗಗಳು ಯಾವ ಓಣಿಯಲ್ಲಿಲ್ಲ? ಪೂತನಿಯನ್ನು ತಡೆಯದ ಮನೆಯೂ ಮುಂಗುಸಿಯನ್ನು ಕೊಂದ ಮನೆಯೂ ಮಾಡಿದ ತಪ್ಪು ಒಂದೇ: ಎರಡೂ ಕಡೆ ಯಾರೂ ಹತ್ತಿರ ಹೋಗಿ ನೋಡಲಿಲ್ಲ. ಕೂಸನ್ನು ಬಿಡುವ ತಾಯಿ ಹೊತ್ತಲ್ಲದ ಹೊತ್ತಿನಲ್ಲಿ ಒಮ್ಮೆ ಬಂದು ನೋಡಲಿ. ಆ ಮನೆಯಲ್ಲಿ ಇನ್ನು ಯಾರು ಯಾರು ಬಂದು ಹೋಗುತ್ತಾರೆ ಎಂದು ಕೇಳಲಿ. ಸಂಜೆ ಮಗುವನ್ನು ಎತ್ತಿಕೊಂಡಾಗ ಅದರ ಮಾತನ್ನು ಪೂರ್ತಿ ಆಲಿಸಲಿ. ಮಾತು ಬಾರದ ಕೂಸಾದರೆ ಅದರ ಮುಖವನ್ನು, ಮೈಯನ್ನು ನೋಡಲಿ. ಒಂದು ಮನೆಗೆ ಹೋಗಲು ಮಗು ಹಠ ಹಿಡಿದು ಒಲ್ಲೆನೆಂದರೆ ಅದನ್ನು ಗದರಿಸುವ ಮುನ್ನ ಕಾರಣವನ್ನು ಕೇಳಲಿ. ಒಳ್ಳೆಯ ನೆರೆಯವರು ಇದಕ್ಕೆ ಮುನಿಯುವುದಿಲ್ಲ; ಮುನಿದರೆ ಅದೂ ಒಂದು ಉತ್ತರವೇ.

ನಂಬಿಕೆಗೆ ಜಾತಿಯನ್ನು ಅಳತೆಗೋಲು ಮಾಡಿಕೊಂಡವರ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮವರ ಮನೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ದೂರದ ಮನೆಯಲ್ಲಿ ಬಿಟ್ಟು, ಪಕ್ಕದಲ್ಲಿಯೇ ಇರುವ ಸಜ್ಜನರ ಮನೆಯನ್ನು ದಾಟಿ ಹೋಗುವವರಿದ್ದಾರೆ. ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿ ಬಂಧುಗಳು ನಾಡಿನ ಮೂಲೆಮೂಲೆಗಳಿಂದ ಬಂದು ಸೇರುವ ಸೂರಗೊಂಡನಕೊಪ್ಪ ಇದೇ ನ್ಯಾಮತಿ ತಾಲ್ಲೂಕಿನಲ್ಲಿದೆ. ತಾಂಡಾದ ತಾಯಿಯೂ ಊರಿನ ತಾಯಿಯೂ ಒಂದೇ ಗದ್ದೆಯ ಕೆಸರಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಾಟಿ ಮಾಡುತ್ತಾರೆ. ಅವರ ಮಕ್ಕಳು ಮಾತ್ರ ಒಂದೇ ತೊಟ್ಟಿಲ ಮನೆಯಲ್ಲಿ ಇರಬಾರದೆಂದರೆ ಅದು ಯಾವ ಶಾಸ್ತ್ರ? ಕುಲವನ್ನು ನೋಡಿ ಬಿಟ್ಟ ಮಗು ಸುರಕ್ಷಿತವೆಂಬುದಕ್ಕೆ ಪ್ರಮಾಣವೂ ಇಲ್ಲ. ಮೇಲೆ ಹೇಳಿದ ಅಂಕಿಅಂಶಗಳು ಸ್ವಂತ ಬಂಧುಗಳನ್ನೇ ಬಿಟ್ಟಿಲ್ಲ.

ಇನ್ನೊಂದು ವಿಚಾರ ಇದಕ್ಕಿಂತ ಆಳವಾದುದು. ಕೂಸನ್ನು ಕಾಯುವವಳಿಗೆ ಏನು ಸಲ್ಲಬೇಕು? ಶರಣರು ಕಾಯಕದಲ್ಲಿ ಮೇಲುಕೀಳೆಂಬುದನ್ನು ಒಪ್ಪಲಿಲ್ಲ. ನುಲಿಯ ಚಂದಯ್ಯ ಹಗ್ಗ ಹೊಸೆದ, ಕದಿರ ರೆಮ್ಮವ್ವೆ ನೂಲು ತೆಗೆದಳು, ಆಯ್ದಕ್ಕಿ ಮಾರಯ್ಯ ಅಕ್ಕಿ ಆಯ್ದ, ಅವೆಲ್ಲ ಕಾಯಕವೆನಿಸಿದವು. ಕೂಸು ಕಾಯುವುದು ಕಾಯಕವೇ ಎಂದರೆ ಇಂದಿಗೂ ನಗುವವರಿದ್ದಾರೆ. ಕಾಯಕ ಎಂಬುದು ಸಂಸ್ಕೃತದ ಕಾಯದಿಂದ ಬಂದ ಪದ, ಕಾಯುವುದು ಅಚ್ಚಗನ್ನಡದ ಧಾತು; ವ್ಯುತ್ಪತ್ತಿಯಲ್ಲಿ ಬೇರೆಯಾದ ಇವು ನಡತೆಯಲ್ಲಿಯೂ ಬೇರೆಯಾಗಿ ಉಳಿಯಬೇಕಾಗಿಲ್ಲ. ನೆರೆಯ ಅಜ್ಜಿಯ ಬಳಿ ಇಡೀ ಹಂಗಾಮು ಮಗುವನ್ನು ಬಿಟ್ಟು, ಹಬ್ಬಕ್ಕೆ ಒಂದು ಕುಪ್ಪಸದ ಕಣ ಕೊಟ್ಟು ಕೈತೊಳೆದುಕೊಳ್ಳುವುದು ಸ್ನೇಹವಲ್ಲ. 'ಅವರು ನಮ್ಮವರು, ದುಡ್ಡಿನ ಮಾತೆತ್ತಿದರೆ ನೊಂದುಕೊಳ್ಳುತ್ತಾರೆ' ಎಂಬುದು ಬಹಳ ಸಲ ಕೊಡಲೊಲ್ಲದವರ ಮಾತು. ಕೂಲಿಯ ಒಂದು ಪಾಲು ಆಕೆಗೆ ಸಲ್ಲಲಿ; ಹಣ ಒಲ್ಲೆನೆಂದರೆ ಅಕ್ಕಿಯಾಗಿ, ಸೌದೆಯಾಗಿ, ಆಕೆ ಕಾಯಿಲೆ ಮಲಗಿದಾಗ ಶುಶ್ರೂಷೆಯಾಗಿ ಸಲ್ಲಲಿ.

ಈ ಮಾತನ್ನು ಸರ್ಕಾರ ಒಮ್ಮೆ ಕಾಯಿದೆಯಲ್ಲಿಯೇ ಬರೆದಿತ್ತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಪ್ರಕಾರ, ಕೆಲಸದ ಸ್ಥಳಕ್ಕೆ ತಾಯಂದಿರೊಡನೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಆ ಹೆಂಗಸರಲ್ಲಿಯೇ ಒಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ನಿಲ್ಲಿಸಿ ಆಕೆಗೂ ಕೂಲಿ ಕೊಡಬೇಕಾಗಿತ್ತು. ಮಣ್ಣು ಅಗೆಯುವುದೂ ಮಗು ಕಾಯುವುದೂ ಒಂದೇ ಎಂದು ಒಪ್ಪಿದ ಆ ವಾಕ್ಯ ಎಷ್ಟು ಕೆರೆಗಳ ದಂಡೆಯ ಮೇಲೆ ಆಚರಣೆಗೆ ಬಂದಿತೋ! 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಬಂದವು. ಅಲ್ಲಿ ದುಡಿಯುವವರಿಗೆ ಸಿಗುವುದು ಇಂದಿಗೂ ಗೌರವಧನ, ಸಂಬಳವಲ್ಲ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಘೋಷಿಸಿತು. ಹೆಸರು ಸೊಗಸಾಗಿದೆ, ಉದ್ದೇಶವೂ ಒಳ್ಳೆಯದು. ಆದರೆ ಹಗಲಿನ ಹೊತ್ತಿಗೆ ತೆರೆಯುವ ಮನೆ ಮಸುಕಿನಲ್ಲಿ ನಾಟಿಗೆ ಹೋಗುವವಳಿಗೂ ಇರುಳಿನಲ್ಲಿ ಅಡಿಕೆಯ ಮುಂದೆ ಕೂರುವವಳಿಗೂ ಒದಗುವುದಿಲ್ಲ.

ದೂರದ ಮನೆಗೆ ಒಪ್ಪಿಸುವುದರಲ್ಲಿ ಮಠಗಳಿಗೆ ಒಪ್ಪಿಸುವುದೂ ಸೇರಿದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದುದು ಲೋಕವಿದಿತ. ಸಿರಿಗೆರೆಯ ಮತ್ತು ಚಿತ್ರದುರ್ಗದ ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಓದಿ ಬೆಳಕು ಕಂಡ ಮನೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಅಸಂಖ್ಯ. ಅಂಥ ಉಪಕಾರವನ್ನು ಪಡೆದವರೇ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲರು: ವಿದ್ಯಾರ್ಥಿನಿಲಯದ ಬಾಗಿಲಲ್ಲಿ ಮಗುವನ್ನು ಬಿಟ್ಟ ತಾಯಿ ತನ್ನ ಪ್ರಶ್ನೆಗಳನ್ನು ಕೂಡ ಅಲ್ಲಿಯೇ ಬಿಟ್ಟು ಹೋಗಬೇಕಾಗಿಲ್ಲ. 2012ರ ಪೋಕ್ಸೊ ಕಾಯಿದೆ ಶಿಕ್ಷಣ ಸಂಸ್ಥೆ, ಧಾರ್ಮಿಕ ಸಂಸ್ಥೆಗಳ ಆಡಳಿತದವರು ಮತ್ತು ಸಿಬ್ಬಂದಿ ತಮ್ಮಲ್ಲಿರುವ ಮಗುವಿಗೆ ಎಸಗುವ ಲೈಂಗಿಕ ಅಪರಾಧವನ್ನು ಹೆಚ್ಚು ಘೋರವೆಂದು ಎಣಿಸುತ್ತದೆ. ಅಂಥದು ತಿಳಿದೂ ಪೊಲೀಸರಿಗೆ ತಿಳಿಸದವರನ್ನು ಶಿಕ್ಷಿಸುತ್ತದೆ. ನಂಬಿ ಒಪ್ಪಿಸಿದ ಕಡೆಯೇ ದ್ರೋಹವಾದರೆ ಅದು ಎರಡು ಪಟ್ಟು ದ್ರೋಹವೆಂಬ ವಿವೇಕ ಆ ಕಾಯಿದೆಯಲ್ಲಿದೆ. ತಾಯಿ ಯಾವ ದಿನ ಬಂದರೂ ಮಗುವನ್ನು ಕಾಣಲು ಬಿಡುವ, ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸುವ ನಿಲಯಕ್ಕೆ ಅದರಿಂದ ಗೌರವ ಕುಂದುವುದಿಲ್ಲ. ಗುರುವನ್ನು ಕಂಡಾಗ ಪ್ರಶ್ನೆಯನ್ನು ನುಂಗಿಕೊಳ್ಳುವುದನ್ನು ಬಸವಾದಿ ಶರಣರು ಭಕ್ತಿ ಎನ್ನಲಿಲ್ಲ.

ಮಠಗಳು ನಡೆಸುವ ಶಾಲೆಗಳು ಈಗ ಮಾಡಬಹುದಾದ ಒಂದು ಕೆಲಸವಿದೆ. ಅವುಗಳಿಗೆ ಕಟ್ಟಡವಿದೆ, ಅಡುಗೆಮನೆಯಿದೆ, ಸುತ್ತ ಗೋಡೆಯಿದೆ. ಸಂಜೆ ಗಂಟೆ ಬಾರಿಸಿದ ಮೇಲೆ ಅವೆಲ್ಲ ಬೀಗದೊಳಗೆ. ಅಡಿಕೆಯ ಹಂಗಾಮಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ, ನಾಟಿಯ ದಿನಗಳಲ್ಲಿ ಬೆಳಗಿನ 5ರಿಂದ ಶಾಲೆ ಆರಂಭವಾಗುವವರೆಗೆ ಒಂದು ಕೊಠಡಿಯನ್ನು ತೆರೆದಿಡುವುದು ಅಸಾಧ್ಯವೇನಲ್ಲ. ಓಣಿಯ ತಾಯಂದಿರೇ ಆರಿಸಿದ ಇಬ್ಬರು ಹೆಂಗಸರು ಅಲ್ಲಿರಲಿ. ಒಬ್ಬಳೇ ಬೇಡ, ಇಬ್ಬರಿದ್ದರೆ ಒಬ್ಬರ ಮೇಲೊಬ್ಬರ ಕಣ್ಣಿರುತ್ತದೆ. ಗದ್ದೆಯ ಕೂಲಿಯಷ್ಟೇ ಕೂಲಿ ಅವರಿಗೆ ಸಲ್ಲಲಿ. ವರ್ಷಕ್ಕೊಮ್ಮೆ ಬಂದು ದೇಣಿಗೆಯ ಫಲಕದಲ್ಲಿ ಹೆಸರು ಬರೆಸಿಕೊಳ್ಳುವ ಹಳೆಯ ವಿದ್ಯಾರ್ಥಿಗಳು ಒಂದು ಹಂಗಾಮಿನ ಖರ್ಚನ್ನು ಹೊತ್ತರೆ ಸಾಕು. ಕೊಠಡಿಯ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಆ ತಾಯಂದಿರೇ ಕೂಡಿ ಗೊತ್ತುಮಾಡಲಿ.