ಸೊನ್ನೆ ಬಿಲ್ಲಿನ ಹಿಂದಿನ ಲೆಕ್ಕ

ವಿದ್ಯುತ್ ದರ ಏರಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ರೈತರಿಗೇನಪ್ಪಾ ಚಿಂತೆ, ಅವರಿಗೆ ಕರೆಂಟ್ ಫ್ರೀ!’ 2023ರ ಮೇ ತಿಂಗಳಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿದಾಗ ಈ ಮಾತು ಇತ್ತು. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿದಾಗಲೂ ಇತ್ತು.

ಮೇಲ್ನೋಟಕ್ಕೆ ಮಾತು ಸರಿಯೇ. 10 ಎಚ್‌.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ನಮ್ಮ ರಾಜ್ಯದಲ್ಲಿ 2008ರಿಂದ ವಿದ್ಯುತ್ ಉಚಿತ. ದರ ಎಷ್ಟೇ ಏರಲಿ, ರೈತನ ಹೆಸರಿಗೆ ಬಿಲ್ ಬರುವುದಿಲ್ಲ. ಆದರೆ ನಮ್ಮದು ಕೋಲಾರ ಜಿಲ್ಲೆಯಲ್ಲಿ ಟೊಮೆಟೊ, ಹಿಪ್ಪುನೇರಳೆ ಬೆಳೆಯುವ ಮನೆ. ನಾನು ಓದುತ್ತಿರುವುದು ಬಿ.ಇ. ಎಲೆಕ್ಟ್ರಿಕಲ್, ಮೂರನೇ ವರ್ಷ. ಮನೆಯ ಖರ್ಚಿನ ಪುಸ್ತಕವನ್ನೂ ಕಾಲೇಜಿನ ಪಠ್ಯವನ್ನೂ ಎದುರುಬದುರು ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆಯೇ ಲೆಕ್ಕ. ವಿದ್ಯುತ್ತಿನ ಬೆಲೆ ಏರಿದಾಗ ಅದನ್ನು ರೈತನೂ ತೆರುತ್ತಾನೆ. ಆದರೆ ಅವನು ತೆತ್ತದ್ದಕ್ಕೆ ರಸೀದಿ ಇರುವುದಿಲ್ಲ.

ಮೊದಲು ಭೂಮಿಯೊಳಗಿನ ಬೆಲೆ ಏರಿಕೆಯನ್ನು ನೋಡೋಣ. ನೀರನ್ನು ಎಷ್ಟು ಎತ್ತರಕ್ಕೆ ಎತ್ತುತ್ತೇವೋ ಅಷ್ಟು ಶಕ್ತಿ ಬೇಕು ಎಂಬುದು ಪಿಯುಸಿಯಲ್ಲಿ ಓದಿದ ಪಾಠ. ನೀರು 30 ಮೀಟರ್, ಅಂದರೆ ಸುಮಾರು ನೂರು ಅಡಿ ಆಳದಲ್ಲಿದ್ದು, ಪಂಪು ಮತ್ತು ಮೋಟರ್ ಸೇರಿ ದಕ್ಷತೆ ಶೇ 40 ಎಂದಿಟ್ಟುಕೊಂಡರೆ, ಸಾವಿರ ಲೀಟರ್ ಎತ್ತಲು ಸುಮಾರು 0.2 ಯೂನಿಟ್ ಸಾಕು. ಅದೇ ನೀರು 300 ಮೀಟರ್ ಕೆಳಗಿದ್ದರೆ 2 ಯೂನಿಟ್ ಬೇಕು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿ ಈಗ ಯಾರಿಗೂ ಅಚ್ಚರಿಯ ಸಂಗತಿಯಲ್ಲ.

ಒಂದು ಎಕರೆಗೆ ಬೇಸಿಗೆಯಲ್ಲಿ ದಿನಕ್ಕೆ 4 ಮಿಲಿಮೀಟರ್ ನೀರು ಎಂದರೆ ಸುಮಾರು 16 ಸಾವಿರ ಲೀಟರ್. ನೂರು ಅಡಿಯಿಂದಾದರೆ ಮೂರೂಕಾಲು ಯೂನಿಟ್. ಸಾವಿರ ಅಡಿಯಿಂದಾದರೆ 33 ಯೂನಿಟ್ ಹತ್ತಿರ. ಲೆಕ್ಕಕ್ಕೆಂದು ಯೂನಿಟ್‌ಗೆ 7 ರೂಪಾಯಿ ಹಿಡಿದರೆ, ನೂರು ದಿನದ ಬೆಳೆಗೆ ಮೊದಲನೆಯದು ಸುಮಾರು 2,300 ರೂಪಾಯಿ, ಎರಡನೆಯದು 23,000 ರೂಪಾಯಿ. ಬೆಳೆ ಅದೇ, ನೀರು ಅಷ್ಟೇ, ದರವೂ ಒಂದೇ. ಯಾವ ಆದೇಶವೂ ಇಲ್ಲದೆ ವಿದ್ಯುತ್ತಿನ ವೆಚ್ಚ ಹತ್ತು ಪಟ್ಟಾಯಿತು! ಇದರ ಮೇಲೆ ದರವೂ ಏರಿದರೆ ಗತಿಯೇನು? ಇಂದು ಈ ಮೊತ್ತವನ್ನು ಸರ್ಕಾರ ಸಬ್ಸಿಡಿಯಾಗಿ ತುಂಬುತ್ತಿದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. ಅವುಗಳಿಗಾಗಿ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹೋಗುತ್ತದೆ. ದರ ಏರಿದಂತೆ ಈ ಹೊರೆಯೂ ಏರುತ್ತದೆ. ಹೊರೆ ತಡೆಯಲಾರದ ಸರ್ಕಾರ ಬಿಲ್ ಕಳಿಸುವುದಿಲ್ಲ ನಿಜ, ಆದರೆ ಬೇರೆ ಕಡೆ ಕೈ ಬಿಗಿ ಮಾಡುತ್ತದೆ.

ಬಿಗಿ ಮೊದಲು ತಟ್ಟುವುದು ಕರೆಂಟ್ ಕೊಡುವ ಹೊತ್ತಿಗೆ. ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ನಿಯಮ. 2023ರಲ್ಲಿ ಮಳೆ ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಜಲವಿದ್ಯುತ್ ಕಡಿಮೆಯಾಯಿತು. ಅದೇ ಹೊತ್ತಿಗೆ ಬೆಳೆ ಉಳಿಸಿಕೊಳ್ಳಲು ಎಲ್ಲ ರೈತರೂ ಪಂಪು ಚಾಲೂ ಮಾಡಿದರು. ಹೊರಗಿನಿಂದ ದುಬಾರಿ ವಿದ್ಯುತ್ ಕೊಳ್ಳಬೇಕಾಗಿ ಬಂದ ಆ ದಿನಗಳಲ್ಲಿ 7 ಗಂಟೆ 5 ಗಂಟೆಗೆ ಇಳಿಯಿತು. ಪ್ರತಿಭಟನೆಗಳಾದವು, ನವೆಂಬರ್‌ನಲ್ಲಿ ಮತ್ತೆ 7 ಗಂಟೆಯ ಆದೇಶ ಬಂತು. ಆದರೆ ಹೂ ಕಟ್ಟುವ ಹೊತ್ತಿನಲ್ಲಿ ನೀರು ತಪ್ಪಿದ ಗಿಡಕ್ಕೆ ಆದೇಶ ಓದಲು ಬರುವುದಿಲ್ಲ.

ಎಷ್ಟು ಗಂಟೆ ಎಂಬುದರ ಜೊತೆಗೆ ಯಾವ ಗಂಟೆ ಎಂಬ ಪ್ರಶ್ನೆಯೂ ಇದೆ. ರಾತ್ರಿ ಪಾಳಿ ಬಂದ ವಾರ ನಮ್ಮಪ್ಪ ಟಾರ್ಚ್ ಹಿಡಿದು ತೋಟದಲ್ಲೇ ಇರುತ್ತಾರೆ. ಹಾವಿನ ಭಯ ಒಂದು ಕಡೆ, ನಿದ್ದೆಗೆಟ್ಟು ಬೆಳಿಗ್ಗೆ ಮಂಡಿಗೆ ಹೋಗುವ ಕಷ್ಟ ಇನ್ನೊಂದು ಕಡೆ. ಕೆಲವು ಕಡೆ ಈಗ ಹಗಲು ಪಾಳಿ ಬಂದಿದೆ. ಬಾರದ ಊರುಗಳು ಇನ್ನೂ ಇವೆ.

ಮತ್ತೊಂದು ವೆಚ್ಚ ವೋಲ್ಟೇಜ್‌ನದು. 415 ವೋಲ್ಟ್ ಇರಬೇಕಾದಲ್ಲಿ 350 ಬಂದರೆ ಅಷ್ಟೇ ಕೆಲಸಕ್ಕೆ ಮೋಟರ್ ಹೆಚ್ಚು ಆಂಪಿಯರ್ ಎಳೆಯುತ್ತದೆ. ವೈಂಡಿಂಗ್‌ನಲ್ಲಿ ಹುಟ್ಟುವ ಶಾಖ ಹೆಚ್ಚುಕಮ್ಮಿ ಶೇ 40ರಷ್ಟು ಏರುತ್ತದೆ. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲದ ಕಾರಣ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ತ್ರೀ ಫೇಸ್ ಬಂದ ಕ್ಷಣವೇ ಒಂದು ಟಿ.ಸಿ.ಯ ಮೇಲಿನ ಪಂಪುಗಳೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಮೋಟರ್ ಶುರುವಾಗುವಾಗ ಎಳೆಯುವ ಕರೆಂಟು ಮಾಮೂಲಿಗಿಂತ ಹಲವು ಪಟ್ಟು. ಟಿ.ಸಿ. ತಡೆದೀತೆ? ಅದು ಸುಟ್ಟರೆ ಹೊಸದು ಬರುವವರೆಗೆ ಆ ಭಾಗದ ತೋಟಗಳಿಗೆಲ್ಲ ನೀರಿಲ್ಲ.

ನಾನು ಮೊದಲ ವರ್ಷದಲ್ಲಿದ್ದಾಗ ಒಂದೇ ಬೇಸಿಗೆಯಲ್ಲಿ ನಮ್ಮ ಮೋಟರ್ ಎರಡು ಸಲ ಸುಟ್ಟಿತು. ಮೇಲೆತ್ತುವ ಕೂಲಿ, ವೈಂಡಿಂಗ್, ಕೇಬಲ್ ಎಲ್ಲ ಸೇರಿ ಪ್ರತಿ ಸಲವೂ ಇಪ್ಪತ್ತು ಸಾವಿರ ದಾಟಿತು. ಎರಡನೇ ಸಲ ಹೋದದ್ದು ನನ್ನ ಕಾಲೇಜು ಶುಲ್ಕಕ್ಕೆಂದು ಅಮ್ಮ ರೇಷ್ಮೆಗೂಡು ಮಾರಿ ಎತ್ತಿಟ್ಟಿದ್ದ ಹಣ. ಆ ವರ್ಷವೂ ನಮ್ಮ ವಿದ್ಯುತ್ ಬಿಲ್ ಸೊನ್ನೆಯೇ! ಸರ್ಕಾರದ ಕಡತದಲ್ಲಿ ನಾವು ಉಚಿತ ವಿದ್ಯುತ್ ಪಡೆದ ಕುಟುಂಬ. ಮನೆಯ ಪುಸ್ತಕದಲ್ಲಿ ಕರೆಂಟಿನ ಬಾಬತ್ತು ನಲವತ್ತು ಸಾವಿರದ ಮೇಲೆ.

ಹೊಸದಾಗಿ ಕೃಷಿಗೆ ಬರುವವರ ಪಾಡು ಇನ್ನೂ ಬಿಗಿ. 2023ರ ಸೆಪ್ಟೆಂಬರ್ ನಂತರದ ಹೊಸ ಪಂಪ್‌ಸೆಟ್‌ಗಳಿಗೆ ಕಂಬ, ತಂತಿ, ಟಿ.ಸಿ.ಯ ವೆಚ್ಚವನ್ನು ರೈತರೇ ಭರಿಸಬೇಕೆಂಬ ನಿಯಮ ಬಂತು. ಊರಿಗೆ ಮರಳಿ ಬೇಸಾಯ ಮಾಡುತ್ತೇನೆ ಎನ್ನುವ ಯುವಕನಿಗೆ ಕೊಳವೆಬಾವಿಯ ಸಾಲದ ಜೊತೆ ಇದೂ ಸೇರುತ್ತದೆ.

ಉಚಿತ ವಿದ್ಯುತ್ ಪಂಪಿಗೆ ಮಾತ್ರ ಎಂಬುದನ್ನೂ ಮರೆಯಬಾರದು. ಬೆಳೆ ಹೊಲ ದಾಟಿದ ಕೂಡಲೇ ಮೀಟರ್ ಓಡಲು ಶುರು. ಬ್ಯಾಡಗಿಯ ಮೆಣಸಿನಕಾಯಿ ಇಡುವ ಶೀತಲಗೃಹ, ಗಂಗಾವತಿ ಕಡೆಯ ಅಕ್ಕಿ ಗಿರಣಿ, ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ, ಊರಿನ ಹಾಲು ಶೀತಲೀಕರಣ ಕೇಂದ್ರ, ಇವೆಲ್ಲ ದುಡ್ಡು ಕೊಟ್ಟು ವಿದ್ಯುತ್ ಕೊಳ್ಳುತ್ತವೆ. ಯೂನಿಟ್‌ಗೆ 36 ಪೈಸೆ ಏರಿದರೆ ಗಿರಣಿಯವರು ಅದನ್ನು ಭತ್ತದ ಬೆಲೆಯಲ್ಲಿ ಮುರಿದುಕೊಳ್ಳಬಹುದು, ಶೀತಲಗೃಹದವರು ಚೀಲದ ಬಾಡಿಗೆಗೆ ಸೇರಿಸಬಹುದು. ರೈತ ಯಾರ ಮೇಲೆ ಹಾಕಬೇಕು? 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಕೆಲವೇ ವಾರಗಳಲ್ಲಿ ಅದು ಕುಸಿದದ್ದು ಬೆಳೆದವರಿಗಷ್ಟೇ ನೆನಪಿದೆ. ಬೆಲೆ ಏರಿದಾಗಲೂ ಇಳಿದಾಗಲೂ ಅದನ್ನು ಕೂಗುವವರು ಹರಾಜಿನವರೇ ಹೊರತು ರೈತರಲ್ಲ.

ಹಾಗಾದರೆ ಉಚಿತವನ್ನು ನಿಲ್ಲಿಸಿ ಎಲ್ಲರಿಗೂ ಬಿಲ್ ಹಾಕಿದರೆ ಸರಿಹೋದೀತೆ? ಪೇಟೆಯ ಗೆಳೆಯರು ಹೀಗೆ ಕೇಳುತ್ತಾರೆ. ಅವರ ವಾದದಲ್ಲೂ ಹುರುಳಿದೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಪಂಪ್‌ಸೆಟ್‌ಗಳಿಗೆ ಹೋಗುತ್ತದೆ. ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ, ಇರುವುದು ಅಂದಾಜು. ಅಂದಾಜಿನ ಲೆಕ್ಕದಲ್ಲಿ ಸೋರಿಕೆ, ಕಳ್ಳತನ ಎಲ್ಲವೂ ರೈತನ ಹೆಸರಿಗೆ ಜಮಾ ಆಗಲು ಅವಕಾಶವಿದೆ. ಬೆಲೆಯಿಲ್ಲದ ವಸ್ತುವನ್ನು ಉಳಿಸುವ ಆಸೆ ಯಾರಿಗೂ ಹುಟ್ಟುವುದಿಲ್ಲ ಎಂಬುದೂ ನಿಜ. ಆದರೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಸಾವಿರ ಅಡಿಯಿಂದ ನೀರೆತ್ತುವ ಒಂದು ಎಕರೆಗೆ ಬೆಳೆಯೊಂದಕ್ಕೆ 23 ಸಾವಿರ ಬಿಲ್ ಕಳಿಸಿದರೆ ಆ ರೈತ ನೀರು ಉಳಿಸುವುದಿಲ್ಲ, ಹೊಲ ಮಾರುತ್ತಾನೆ. ಬೆಂಗಳೂರಿಗೆ ಇಷ್ಟು ಹತ್ತಿರದಲ್ಲಿ ಕೊಳ್ಳುವವರಿಗೆ ಬರವಿಲ್ಲ.

ಮೀಟರ್ ಎಂದರೆ ನಮ್ಮೂರಿನವರು ಬೆಚ್ಚುವುದಕ್ಕೂ ಇದೇ ಕಾರಣ. ‘ಇವತ್ತು ಮೀಟರ್ ಹಾಕ್ತಾರೆ, ನಾಳೆ ಬಿಲ್ ತರ್ತಾರೆ’ ಎನ್ನುತ್ತಾರೆ ನಮ್ಮ ದೊಡ್ಡಪ್ಪ. ಆ ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವಂತಿಲ್ಲ. ಆದರೂ ಅಳತೆ ಬೇಕೇ ಬೇಕು ಎಂಬುದು ನನ್ನ ನಿಲುವು, ಅದೂ ರೈತನ ಹಿತಕ್ಕಾಗಿಯೇ. ಎಷ್ಟು ಗಂಟೆ, ಎಷ್ಟು ವೋಲ್ಟ್, ಎಷ್ಟು ಯೂನಿಟ್ ಬಂತು ಎಂಬ ದಾಖಲೆ ಇಲ್ಲದಿದ್ದರೆ ಮೋಟರ್ ಸುಟ್ಟಾಗ ಯಾರನ್ನು ಕೇಳುವುದು? ಇವತ್ತು ರೈತ ವಿದ್ಯುತ್ ಕಂಪನಿಯ ಕಣ್ಣಿಗೆ ಗ್ರಾಹಕನಲ್ಲ, ಫಲಾನುಭವಿ. ಗ್ರಾಹಕ ದೂರು ಕೊಡುತ್ತಾನೆ, ಫಲಾನುಭವಿ ಕೈಮುಗಿಯುತ್ತಾನೆ. ಮೊದಲು ಪ್ರತಿ ಟಿ.ಸಿ.ಗೆ ಮೀಟರ್ ಹಾಕಿ, ಅದರ ದಾಖಲೆಯನ್ನು ಊರಿನವರಿಗೂ ಕಾಣುವಂತೆ ಇಡಲಿ. ಅದರಿಂದ ಬಿಲ್ ಹುಟ್ಟುವುದಿಲ್ಲವೆಂದು ಸರ್ಕಾರ ಕಾನೂನಿನಲ್ಲೇ ಬರೆದುಕೊಡಲಿ.

ಅಳತೆ ಬಂದ ಮೇಲೆ ಉಳಿಸಿದವರಿಗೆ ಬಹುಮಾನ ಕೊಡಬಹುದು. ಪಂಜಾಬಿನಲ್ಲಿ 2018ರಲ್ಲಿ ಶುರುವಾದ ‘ಪಾನಿ ಬಚಾವೋ, ಪೈಸಾ ಕಮಾವೋ’ ಯೋಜನೆಯಲ್ಲಿ, ಸೇರಲು ಒಪ್ಪಿದ ರೈತರಿಗೆ ಇಂತಿಷ್ಟು ಯೂನಿಟ್ ಎಂದು ಗೊತ್ತುಮಾಡಿ, ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ಖಾತೆಗೆ ಹಾಕಲಾಯಿತು. ಉಚಿತವನ್ನು ಕಿತ್ತುಕೊಳ್ಳದೆ ಉಳಿತಾಯಕ್ಕೆ ಬೆಲೆ ಕಟ್ಟುವ ದಾರಿ ಇದು. ಹನಿ ನೀರಾವರಿ ಈಗಾಗಲೇ ಮನೆಮಾತಾಗಿರುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡುವುದರಲ್ಲಿ ನಷ್ಟವಿಲ್ಲ.

ಹಗಲು ಕರೆಂಟಿಗೆ ಸೂರ್ಯನಿದ್ದಾನೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ನಿಂತಿದೆ. ಅಷ್ಟು ದೊಡ್ಡದೇ ಬೇಕೆಂದಿಲ್ಲ. ಕುಸುಮ್ ಯೋಜನೆಯ ‘ಸಿ’ ಭಾಗದಲ್ಲಿ ಪಂಪ್‌ಸೆಟ್‌ಗಳ ಫೀಡರ್‌ಗೇ ಸಬ್‌ಸ್ಟೇಷನ್ ಬಳಿ ಸೌರ ಘಟಕ ಹಾಕುವ ಅವಕಾಶವಿದೆ. ಬಿಸಿಲಿರುವಾಗಲೇ ಪಂಪು ಓಡಿದರೆ ದೂರದಿಂದ ವಿದ್ಯುತ್ ತರುವ ನಷ್ಟ ತಪ್ಪುತ್ತದೆ, ವೋಲ್ಟೇಜ್ ಸುಧಾರಿಸುತ್ತದೆ, ರಾತ್ರಿ ಕಾಯುವುದೂ ತಪ್ಪುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಬಿಸಿಲು ಪುಕ್ಕಟೆಯೆಂದು ದಿನವಿಡೀ ನೀರೆತ್ತಿದರೆ ಅಂತರ್ಜಲ ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಗಂಟೆಗಳ ಮಿತಿ ಇರಲೇಬೇಕು.

ಕೊನೆಗೆ ಕೆರೆ. ಕೆರೆಯನ್ನು ನಾವು ವಿದ್ಯುತ್ ಚರ್ಚೆಯಲ್ಲಿ ಸೇರಿಸುವುದೇ ಇಲ್ಲ. ಕೊಳವೆಬಾವಿಯಲ್ಲಿ ನೀರಿನ ಮಟ್ಟ 30 ಮೀಟರ್ ಮೇಲೆ ಬಂದರೆ ಸಾವಿರ ಲೀಟರಿಗೆ 0.2 ಯೂನಿಟ್ ಉಳಿಯುತ್ತದೆ, ದಿನಕ್ಕೆ ಎಕರೆಗೆ ಮೂರು ಯೂನಿಟ್‌ಗಿಂತ ಹೆಚ್ಚು. ಹೂಳು ತೆಗೆದ ಕೆರೆ, ದುರಸ್ತಿಯಾದ ರಾಜಕಾಲುವೆ, ಹೊಲದ ಬದು, ಇವೆಲ್ಲ ವಿದ್ಯುತ್ ಉಳಿಸುವ ಕೆಲಸಗಳೇ. ಸಬ್ಸಿಡಿಯ ಒಂದು ಪಾಲನ್ನು ಅಂತರ್ಜಲ ಕುಸಿದ ತಾಲ್ಲೂಕುಗಳ ಕೆರೆಗಳಿಗೆ ತೆಗೆದಿಟ್ಟರೆ ಅದು ಖರ್ಚಾಗಿ ಮುಗಿಯುವುದಿಲ್ಲ, ವರ್ಷ ವರ್ಷವೂ ಸಬ್ಸಿಡಿಯನ್ನು ತಗ್ಗಿಸುತ್ತದೆ.

ಗೆಳೆಯರೇ, ಕೆಲಸ ಸಿಗುವುದಿಲ್ಲವೆಂಬ ಚಿಂತೆಯಲ್ಲೇ ನಾವೆಲ್ಲ ಓದುತ್ತಿದ್ದೇವೆ. ಇತ್ತ ನಮ್ಮ ಊರುಗಳಲ್ಲಿ ಕೆಲಸ ಗುಡ್ಡೆ ಬಿದ್ದಿದೆ. ಐಟಿಐ, ಡಿಪ್ಲೊಮಾ ಮುಗಿಸಿದವರು ಪಂಪುಗಳ ದಕ್ಷತೆ ಪರೀಕ್ಷಿಸಬಹುದು, ಸರಿಯಾದ ಕೆಪಾಸಿಟರ್ ಹಾಕಬಹುದು, ಸೌರ ಘಟಕ ನಿರ್ವಹಿಸಬಹುದು. ಎಂಜಿನಿಯರಿಂಗ್ ಕೊನೆಯ ವರ್ಷದವರು ಪ್ರಾಜೆಕ್ಟ್ ವರದಿಯನ್ನು ಹೊರಗಿನಿಂದ ಕೊಂಡು ತರುವ ಬದಲು ತಮ್ಮೂರಿನ ಒಂದು ಟಿ.ಸಿ.ಯನ್ನು ಆರಿಸಿಕೊಳ್ಳಲಿ. ಅದರ ಮೇಲೆ ಎಷ್ಟು ಪಂಪುಗಳಿವೆ, ಎಷ್ಟು ಎಚ್‌.ಪಿ., ಎಷ್ಟು ಅಡಿ, ವರ್ಷದಲ್ಲಿ ಎಷ್ಟು ಮೋಟರ್ ಸುಟ್ಟಿತು ಎಂದು ಬರೆದುಕೊಳ್ಳಲಿ. ಆಟೋ ಸ್ಟಾರ್ಟರ್‌ಗಳು ಒಟ್ಟಿಗೆ ಏಳದಂತೆ ಒಂದೊಂದಕ್ಕೂ ಬೇರೆ ಬೇರೆ ನಿಮಿಷದ ವಿಳಂಬ ಕೊಡುವ ಸಣ್ಣ ಟೈಮರ್ ಮಾಡಿದರೂ ಸಾಕು, ಅದು ನಮ್ಮ ಕೈಯಳತೆಯ ಕೆಲಸ.

ನಾಲ್ಕು ಜನ ಗೆಳೆಯರೊಂದಿಗೆ ಈ ದಸರಾ ರಜೆಯಲ್ಲಿ ನಮ್ಮೂರಿನ ಟಿ.ಸಿ.ಯಿಂದ ಆ ಪಟ್ಟಿ ಶುರು ಮಾಡುತ್ತಿದ್ದೇನೆ. ಮುಂದಿನ ಸಲ ದರ ಏರಿಕೆಯ ಬಗ್ಗೆ ಆಯೋಗ ಸಾರ್ವಜನಿಕರ ಅಹವಾಲು ಕೇಳುವಾಗ ಉದ್ಯಮಿಗಳು ತಮ್ಮ ಅಂಕಿ ಅಂಶ ಹಿಡಿದು ಬರುತ್ತಾರೆ, ವಿದ್ಯುತ್ ಕಂಪನಿಗಳೂ ಬರುತ್ತವೆ. ರೈತರ ಕೈಯಲ್ಲೂ ಒಂದು ಲೆಕ್ಕದ ಹಾಳೆ ಇರಲಿ.