ಕದ್ದು ಬೆರೆಸುವ ಪುಡಿ ಬೇಡ, ಆಸ್ಪತ್ರೆ ಮೆಟ್ಟಿಲು ಹತ್ತಿ!

ಕನ್ನಡದ ಹುಡುಗರೇ,

ನಮ್ಮಂಥ ಪ್ರೆಸ್ಸುಗಳಿಗೆ ಕರಪತ್ರ ಮಾಡಿಸಲು ಬರುವವರಲ್ಲಿ ಒಂದು ಬಗೆಯವರಿದ್ದಾರೆ. "ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ. ಊಟದಲ್ಲೋ ಕಾಫಿಯಲ್ಲೋ ಬೆರೆಸಿ ಕೊಡಿ. ನೂರಕ್ಕೆ ನೂರು ಗ್ಯಾರಂಟಿ" ಎಂದು ಬರೆದುಕೊಂಡು ಬರುತ್ತಾರೆ. ಮದುವೆ ಪತ್ರಿಕೆಯಿಂದ ತಿಥಿ ಕಾರ್ಡಿನವರೆಗೆ ಎಲ್ಲವನ್ನೂ ಅಚ್ಚು ಹಾಕುವ ನಾನು ಇದೊಂದನ್ನು ಮುಟ್ಟುವುದಿಲ್ಲ.

ಆ ಪುಡಿಯಲ್ಲಿ ಏನಿದೆ ಎಂದು ಮಾರುವವನೇ ಹೇಳುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಮಾತ್ರೆ ಇರುವುದು ನಿಜ. ಅದನ್ನು ನುಂಗಿದವನು ಮೇಲೆ ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಜೀವ ಹೋಗುವುದೂ ಉಂಟು. ಅದಕ್ಕೇ ಡಾಕ್ಟರು ಪರೀಕ್ಷೆ ಮಾಡಿ, ರೋಗಿಗೆ ಎಲ್ಲ ತಿಳಿಸಿ, ಒಪ್ಪಿಸಿ ಕೊಡುತ್ತಾರೆ. ಇಂಥದ್ದನ್ನು ಹೆಂಡತಿ ಬೇಸತ್ತು ಸಾರಿನಲ್ಲಿ ಬೆರೆಸಿದಳು ಅಂದುಕೊಳ್ಳಿ. ಗಂಡ ಸಂಜೆ ಎಂದಿನಂತೆ ಬಾರಿಗೆ ಹೋದ. ಮುಂದಿನದಕ್ಕೆ ಯಾರು ಹೊಣೆ? ಕರಪತ್ರದಲ್ಲಿ ವಿಳಾಸವೂ ಇರುವುದಿಲ್ಲ, ಬರೀ ಫೋನ್ ನಂಬರು!

"ಅದೆಲ್ಲ ಅಪ್ಪಂದಿರ ಕಾಲದ ಕಾಯಿಲೆ, ನಾವು ಶನಿವಾರ ಬರೀ ಬೀರು ಅಷ್ಟೆ" ಅನ್ನುವವರು ಇಲ್ಲಿ ಕೇಳಿ. ರಾಜ್ಯೋತ್ಸವದ ಬಾವುಟ ಇಳಿಸುವ ಮುಂಚೆಯೇ ವೇದಿಕೆಯ ಹಿಂದೆ ಬಾಟಲಿ ಬಿಚ್ಚುವ ನಮ್ಮ ಸಂಘಗಳ ಹುಡುಗರೂ ಕೇಳಿ. (ಕೋಪ ಬಂದರೆ ಬರಲಿ.) 650 ಎಂ.ಎಲ್. ಸ್ಟ್ರಾಂಗ್ ಬೀರಿನಲ್ಲಿ ಶೇ. 8 ಆಲ್ಕೋಹಾಲ್ ಇದ್ದರೆ, ಅದು ಸುಮಾರು 41 ಗ್ರಾಂ. ಶೇ. 42.8ರ ವಿಸ್ಕಿ ಒಂದು ನೈಂಟಿಯಲ್ಲಿ ಇರುವುದು ಸುಮಾರು 30 ಗ್ರಾಂ. ಯಾವುದು ಹೆಚ್ಚು? ನಮ್ಮ ಲಿವರ್ ಗಂಟೆಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ. ಮಜ್ಜಿಗೆ ಕುಡಿದರೂ ಅಷ್ಟೇ, ತಲೆಗೆ ತಣ್ಣೀರು ಸುರಿದುಕೊಂಡರೂ ಅಷ್ಟೇ.

ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದ್ದು 1988ರಲ್ಲಿ. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಲಿವರಿನಲ್ಲಿ ಬರೀ ಕೊಬ್ಬು ಕಟ್ಟಿರುವಾಗ ಬಿಟ್ಟರೆ ಅದು ಮತ್ತೆ ಸರಿಹೋಗಬಲ್ಲದು. ಗಂಟುಗಂಟಾಗಿ ಸಿರೋಸಿಸ್ ಆದ ಮೇಲೆ ಹಳೆಯ ಲಿವರ್ ವಾಪಸ್ ಬರುವುದಿಲ್ಲ. ಆಗಲೂ ಬಿಟ್ಟವನು ಬಿಡದವನಿಗಿಂತ ಹೆಚ್ಚು ದಿನ ಬದುಕುತ್ತಾನೆ.

ಇನ್ನೊಂದು ವಿಷಯ ನಮ್ಮಲ್ಲಿ ಓದಿದವರಿಗೂ ಗೊತ್ತಿಲ್ಲ. ವರ್ಷಗಟ್ಟಲೆ ದಿನಾ ಕುಡಿದವನು ಒಂದೇ ಏಟಿಗೆ ನಿಲ್ಲಿಸುವುದು ಅಪಾಯ. ಮಾದಪ್ಪನ ಮೇಲೆ ಆಣೆ ಇಟ್ಟು ನಿಲ್ಲಿಸುತ್ತಾನೆ. ಆಣೆ ದೊಡ್ಡದೇ, ಮನಸ್ಸೂ ಒಳ್ಳೆಯದೇ. ಆದರೆ ಮಾರನೆಯ ಬೆಳಗ್ಗೆಯೇ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ಮನೆಯವರ ಗುರುತೂ ತಪ್ಪುತ್ತದೆ. ಗಾಳಿ ಮೆಟ್ಟಿದೆ ಎಂದು ತಾಯಿತ ಕಟ್ಟಿಸಲು ಓಡುತ್ತಾರೆ. ಅದು ಗಾಳಿಯಲ್ಲ, ಕುಡಿತಕ್ಕೆ ಒಗ್ಗಿದ ಮಿದುಳಿನ ಕೂಗು. ಆ ಹೊತ್ತಿನಲ್ಲಿ ಆಸ್ಪತ್ರೆಯೇ ಬೇಕು. ನಡುಕ ತಡೆಯುವ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಬಿ-1 ವಿಟಮಿನ್ ಸೂಜಿ ಹಾಕುತ್ತಾರೆ. ತಡಮಾಡಿದರೆ ಸಾಯಲೂಬಹುದು. ಇದು ಗೊತ್ತಿಲ್ಲದೆ "ಮತ್ತೆ ನಾಟಕ ಶುರು ಮಾಡಿದ" ಎಂದು ಬಾಗಿಲು ಹಾಕಿಕೊಂಡ ಮನೆಗಳಿವೆ.

ನಿಮ್ಮ ಮಟ್ಟ ಎಲ್ಲಿದೆ ಎಂದು ತಿಳಿಯಲು ಡಾಕ್ಟರುಗಳು ಕೇಳುವ ನಾಲ್ಕು ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಅಂತ ಎಂದಾದರೂ ಅನ್ನಿಸಿದೆಯೇ? ಯಾರಾದರೂ ನಿಮ್ಮ ಕುಡಿತದ ಬಗ್ಗೆ ಅಂದಾಗ ಸಿಟ್ಟು ಬಂದಿದೆಯೇ? ಕುಡಿದದ್ದಕ್ಕೆ ಮನಸ್ಸು ಚುಚ್ಚಿದೆಯೇ? ಬೆಳಗ್ಗೆ ಎದ್ದ ಕೂಡಲೇ ನಡುಕ ನಿಲ್ಲಲು ಒಂದು ಹಾಕಿದ್ದೀರಾ? ಎರಡಕ್ಕೆ ಹೌದು ಎಂದರೆ ಡಾಕ್ಟರನ್ನು ನೋಡಿ. ನಾಲ್ಕನೆಯದಕ್ಕೆ ಹೌದು ಎನ್ನುವವನನ್ನು ನಾನಂತೂ ಪೇಪರ್ ಕಟಿಂಗ್ ಮಷಿನ್ ಹತ್ತಿರ ನಿಲ್ಲಿಸುವುದಿಲ್ಲ. ಬೆರಳು ಹೋಗುತ್ತದೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮಿಕ್ಕ ಕಡೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ. "ಅಯ್ಯೋ, ಹುಚ್ಚಾಸ್ಪತ್ರೆ" ಎಂದು ಮೂಗು ಮುರಿಯುವ ನೆಂಟರಿಗೆ ಹೆದರಬೇಡಿ, ಅವರು ಆಸ್ಪತ್ರೆ ಬಿಲ್ಲನ್ನೂ ಕಟ್ಟುವುದಿಲ್ಲ, ಮಕ್ಕಳ ಫೀಸನ್ನೂ ಕಟ್ಟುವುದಿಲ್ಲ. ಕೂಡಿಹಾಕಿ ಬಡಿದು ಬಿಡಿಸುತ್ತೇವೆ ಎನ್ನುವ ಕೇಂದ್ರಗಳ ಕಡೆ ಮಾತ್ರ ತಲೆ ಹಾಕಬೇಡಿ. ರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ.

ಹೋಗಲು ಮುಜುಗರವಾದರೆ ಫೋನ್ ಮಾಡಿ. 14416, ಟೆಲಿ ಮನಸ್. 2022ರಿಂದ ಇದೆ, ಹಗಲು ರಾತ್ರಿ ಎತ್ತುತ್ತಾರೆ, ಪುಕ್ಕಟೆ. ವ್ಯಸನಕ್ಕೆಂದೇ 14446 ಇದೆ. ಹರಕು ಮುರುಕು ಇಂಗ್ಲಿಷ್‌ನಲ್ಲಿ ಸಂಕಟ ಹೇಳಿಕೊಳ್ಳಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬೇಕು ಎಂದು ಮೊದಲೇ ಹೇಳಿ. ಕುಡಿಯುವವನೇ ಕರೆ ಮಾಡಬೇಕೆಂದಿಲ್ಲ, ತಮ್ಮ, ತಂಗಿ, ರೂಮ್‌ಮೇಟ್ ಯಾರಾದರೂ ಮಾಡಬಹುದು.